ವಾಯುದಳದ ಎನ್‌ಸಿಸಿ ಕೆಡೆಟ್‌ಗಳು ವಿಶೇಷ ಶಿಬಿರ ಮತ್ತು ನಾಯಕತ್ವ ತರಬೇತಿಗೆ ಸಿದ್ಧರಾಗುವ ಬಗೆ: ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಪದವಿಯ ಮೊದಲ ವರ್ಷದಲ್ಲಿ ರಾಷ್ಟ್ರೀಯ ಕೆಡೆಟ್ ದಳದ, ಅಂದರೆ ಎನ್‌ಸಿಸಿಯ ವಾಯುದಳ ವಿಭಾಗಕ್ಕೆ ಸೇರುವ ವಿದ್ಯಾರ್ಥಿಗೆ ಮೂರು ವರ್ಷಗಳ ಕಾಲಾವಕಾಶ ಇದ್ದಂತೆ ತೋರುತ್ತದೆಯಾದರೂ, ವಿಶೇಷ ಶಿಬಿರಗಳ ಮಟ್ಟಿಗೆ ಅದು ಬಹಳ ಬೇಗ ಕರಗಿಹೋಗುವ ಅವಧಿ. ಮೊದಲ ವರ್ಷ ಸಮವಸ್ತ್ರ, ಕವಾಯತು, ಪರಿಚಯಗಳಲ್ಲಿ ಮುಗಿಯುತ್ತದೆ. ಮೂರನೆಯ ವರ್ಷವನ್ನು ಎನ್‌ಸಿಸಿಯ ಕೊನೆಯ ಹಂತವಾದ ‘ಸಿ’ ಪ್ರಮಾಣಪತ್ರದ ಪರೀಕ್ಷೆ ಮತ್ತು ಪದವಿಯ ಅಂತಿಮ ಪರೀಕ್ಷೆಗಳು ಆವರಿಸಿಕೊಳ್ಳುತ್ತವೆ. ನಿಜವಾಗಿ ಕೈಗೆ ಸಿಗುವುದು ನಡುವಿನ ಒಂದು ವರ್ಷ ಮಾತ್ರ. ಆ ವರ್ಷದಲ್ಲಿ ಯಾರು ಗಣರಾಜ್ಯೋತ್ಸವ ಶಿಬಿರಕ್ಕೆ ದೆಹಲಿಗೆ ಹೋಗುತ್ತಾರೆ, ಯಾರು ಮೈಕ್ರೋಲೈಟ್ ಎಂಬ ಪುಟ್ಟ ಹಗುರ ವಿಮಾನದ ಆಸನದಲ್ಲಿ ಕೂರುತ್ತಾರೆ, ಯಾರು ನಾಯಕತ್ವ ಶಿಬಿರಕ್ಕೆ ಆಯ್ಕೆಯಾಗುತ್ತಾರೆ ಎಂಬುದು ಮೊದಲ ವರ್ಷದ ಸಾಮಾನ್ಯ ಪರೇಡ್‌ಗಳಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಬರಹವು ಶಿಬಿರಗಳ ಪರಿಚಯಕ್ಕಿಂತ ಹೆಚ್ಚಾಗಿ, ಆಯ್ಕೆಯ ದಿನಕ್ಕೆ ಬಹಳ ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಕುರಿತದ್ದು.

ಪಂಡಿತ್ ಹೃದಯನಾಥ್ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ 1946ರಲ್ಲಿ ನೇಮಕವಾದ ಸಮಿತಿಯ ಶಿಫಾರಸಿನ ಮೇಲೆ 1948ರ ಕಾಯ್ದೆಯ ಮೂಲಕ ಎನ್‌ಸಿಸಿ ಹುಟ್ಟಿತು. 1950ರಲ್ಲಿ ಅದಕ್ಕೆ ವಾಯುದಳ ವಿಭಾಗ ಸೇರಿತು. ಪ್ರೌಢಶಾಲೆಯ ಮಟ್ಟದಲ್ಲಿ ಜೂನಿಯರ್ ಡಿವಿಷನ್, ಕಾಲೇಜಿನ ಮಟ್ಟದಲ್ಲಿ ಸೀನಿಯರ್ ಡಿವಿಷನ್ ಎಂಬ ಎರಡು ಹಂತಗಳಿದ್ದು, ವಿದ್ಯಾರ್ಥಿನಿಯರ ಹಂತಗಳನ್ನು ಜೂನಿಯರ್ ವಿಂಗ್, ಸೀನಿಯರ್ ವಿಂಗ್ ಎಂದು ಕರೆಯುತ್ತಾರೆ. ನಮ್ಮ ಭಾಗದ ಘಟಕಗಳು ಮೈಸೂರಿನ ಗ್ರೂಪ್ ಕೇಂದ್ರ ಕಚೇರಿಯ ಅಡಿಯಲ್ಲಿಯೂ, ಅದರ ಮೇಲೆ ಬೆಂಗಳೂರಿನಲ್ಲಿರುವ ಕರ್ನಾಟಕ–ಗೋವಾ ನಿರ್ದೇಶನಾಲಯದ ಅಡಿಯಲ್ಲಿಯೂ ಕೆಲಸ ಮಾಡುತ್ತವೆ. ಹೊಸ ಕೆಡೆಟ್‌ಗಳು ಆರಂಭದಲ್ಲೇ ತಿಳಿದಿರಬೇಕಾದ ಒಂದು ಸಂಗತಿಯೆಂದರೆ, ಏರ್ ಸ್ಕ್ವಾಡ್ರನ್‌ಗಳಲ್ಲಿ ಹಾರಾಟದವು ಮತ್ತು ತಾಂತ್ರಿಕ ಎಂಬ ಎರಡು ಬಗೆಗಳಿವೆ. ಹಾರಾಟದ ಸ್ಕ್ವಾಡ್ರನ್‌ಗಳ ಬಳಿ ಮೈಕ್ರೋಲೈಟ್ ವಿಮಾನವಿರುತ್ತದೆ; ತಾಂತ್ರಿಕ ಸ್ಕ್ವಾಡ್ರನ್‌ಗಳ ಕೆಡೆಟ್‌ಗಳಿಗೆ ವಿಮಾನದ ಅನುಭವ ಹೆಚ್ಚಾಗಿ ಶಿಬಿರಗಳ ಮೂಲಕ ಮತ್ತು ವಾಯುಪಡೆಯ ನೆಲೆಗಳಿಗೆ ಕಳುಹಿಸುವ ತರಬೇತಿಯ ಮೂಲಕ ದೊರೆಯುತ್ತದೆ. ಸೇರಿದ ಮೊದಲ ತಿಂಗಳಲ್ಲೇ ವಿಮಾನ ಹಾರಿಸಬಹುದೆಂಬ ನಿರೀಕ್ಷೆಯಿಂದ ಬಂದು, ಅದು ಸಿಗದಿದ್ದಾಗ ಪರೇಡ್ ಬಿಡುವವರನ್ನು ಪ್ರತಿವರ್ಷ ನೋಡುತ್ತೇವೆ. ಹಾಗೆ ಬಿಟ್ಟವರು ತಮ್ಮ ಬಾಗಿಲನ್ನು ತಾವೇ ಮುಚ್ಚಿಕೊಂಡಂತಾಗುತ್ತದೆ, ಏಕೆಂದರೆ ಹಾರಾಟದ ಅವಕಾಶಕ್ಕೆ ದಾರಿ ಆ ಪರೇಡಿನ ಮೂಲಕವೇ ಹೋಗುತ್ತದೆ.

ಯಾವ ಶಿಬಿರ, ಯಾರಿಗೆ

ಎಲ್ಲಕ್ಕಿಂತ ಮೊದಲು ಮುಗಿಸಬೇಕಾದದ್ದು ಹತ್ತು ದಿನಗಳ ಸಂಯುಕ್ತ ವಾರ್ಷಿಕ ತರಬೇತಿ ಶಿಬಿರ. ಪ್ರಮಾಣಪತ್ರದ ಪರೀಕ್ಷೆಗೆ ಕೂರಲು ಶಿಬಿರದ ಹಾಜರಾತಿ ಬೇಕೇಬೇಕಾದ್ದರಿಂದ ಅನೇಕರು ಇದನ್ನು ಕಡ್ಡಾಯದ ಔಪಚಾರಿಕತೆಯೆಂದು ಭಾವಿಸುತ್ತಾರೆ. ಆದರೆ ಮುಂದಿನ ಶಿಬಿರಗಳಿಗೆ ಹೆಸರು ಬರೆದುಕೊಳ್ಳುವ ಬೋಧಕರು ಕೆಡೆಟ್ಟನ್ನು ಇಡೀ ದಿನ, ಬೆಳಗಿನ ಪಿ.ಟಿ.ಯಿಂದ ರಾತ್ರಿಯ ಹಾಜರಿಯವರೆಗೆ ಗಮನಿಸುವುದು ಇಲ್ಲಿಯೇ. ಊಟದ ಸಾಲಿನಲ್ಲಿ ಹೇಗೆ ನಿಲ್ಲುತ್ತಾನೆ, ಟೆಂಟಿನ ಸುತ್ತ ಯಾರೂ ಹೇಳದೆ ಕಸ ತೆಗೆಯುತ್ತಾಳೆಯೇ, ಜ್ವರ ಬಂದ ಗೆಳೆಯನನ್ನು ವೈದ್ಯರ ಬಳಿಗೆ ಕರೆದೊಯ್ದವರು ಯಾರು ಎಂಬಂಥ ವಿಷಯಗಳು ಯಾವ ಅಂಕಪಟ್ಟಿಯಲ್ಲಿಯೂ ಕಾಣದಿದ್ದರೂ ಆಯ್ಕೆಯ ವೇಳೆ ನೆನಪಿಗೆ ಬರುತ್ತವೆ.

ವಾಯುದಳದ ಕೆಡೆಟ್‌ಗಳಿಗೇ ಮೀಸಲಾದ ದೊಡ್ಡ ಶಿಬಿರವೆಂದರೆ ಅಖಿಲ ಭಾರತ ವಾಯು ಸೈನಿಕ ಶಿಬಿರ. ಪ್ರತಿ ನಿರ್ದೇಶನಾಲಯದಿಂದ ಆಯ್ಕೆಯಾದ ತಂಡಗಳು ಹಾರಾಟ, ಏರೋಮಾಡೆಲಿಂಗ್ (ವಿಮಾನದ ಮಾದರಿ ಮಾಡಿ ಹಾರಿಸುವುದು), ಗುರಿ ಹೊಡೆಯುವುದು, ಕವಾಯತು ಮುಂತಾದ ಸ್ಪರ್ಧೆಗಳಲ್ಲಿ ಭಾಗವಹಿಸುತ್ತವೆ. ಇದರ ತಂಡಕ್ಕೆ ಸೇರಲು ಎಲ್ಲದರಲ್ಲಿಯೂ ಸಾಧಾರಣವಾಗಿರುವುದಕ್ಕಿಂತ ಒಂದರಲ್ಲಿ ಪಳಗಿರುವುದು ಹೆಚ್ಚು ಉಪಯುಕ್ತ. ಗಣರಾಜ್ಯೋತ್ಸವ ಶಿಬಿರದ ರೀತಿ ಬೇರೆ. ಘಟಕದಿಂದ ಗ್ರೂಪ್, ಗ್ರೂಪ್‌ನಿಂದ ನಿರ್ದೇಶನಾಲಯ ಎಂದು ತಿಂಗಳುಗಟ್ಟಲೆ ಸೋಸಿ, ಜನವರಿಯಲ್ಲಿ ದೆಹಲಿ ಕಂಟೋನ್ಮೆಂಟಿನ ಕಾರಿಯಪ್ಪ ಮೈದಾನದಲ್ಲಿ ನಡೆಯುವ ಈ ಶಿಬಿರಕ್ಕೆ ಕಳುಹಿಸುತ್ತಾರೆ. ಕರ್ತವ್ಯ ಪಥದ ಪಥಸಂಚಲನ, ಗೌರವ ರಕ್ಷೆ, ಅತ್ಯುತ್ತಮ ಕೆಡೆಟ್ ಸ್ಪರ್ಧೆ, ಸಾಂಸ್ಕೃತಿಕ ತಂಡ, ಪ್ರಧಾನ ಮಂತ್ರಿಗಳ ರ‍್ಯಾಲಿ ಎಲ್ಲವೂ ಇದರಲ್ಲಿ ಸೇರಿರುವುದರಿಂದ, ನೃತ್ಯ ಅಥವಾ ವಾದ್ಯ ಬಲ್ಲವರಿಗೂ ಇಲ್ಲಿ ಸ್ಥಾನವಿದೆ. ಕಂಸಾಳೆ, ಪೂಜಾ ಕುಣಿತ, ಡೊಳ್ಳು ಮೊದಲಾದವನ್ನು ಊರಿನಲ್ಲಿ ಕಲಿತು ಬಂದ ಮಂಡ್ಯ ಸೀಮೆಯ ಹುಡುಗರು ಅದನ್ನು ಹೇಳಿಕೊಳ್ಳಲು ಸಂಕೋಚಪಡಬಾರದು. ವಿದೇಶಕ್ಕೆ ಕಳುಹಿಸುವ ಯುವ ವಿನಿಮಯ ಕಾರ್ಯಕ್ರಮಕ್ಕೂ ದೆಹಲಿಗೆ ಹೋಗಿಬಂದ ಕೆಡೆಟ್‌ಗಳನ್ನೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ನಾಯಕತ್ವವನ್ನೇ ವಿಷಯವಾಗಿಟ್ಟುಕೊಂಡು ಪ್ರಾಥಮಿಕ ಮತ್ತು ಉನ್ನತ ನಾಯಕತ್ವ ಶಿಬಿರಗಳು ನಡೆಯುತ್ತವೆ. ಇವುಗಳಲ್ಲಿ ಗುಂಪು ಚಟುವಟಿಕೆ, ಭಾಷಣ, ಅಡೆತಡೆಗಳ ಓಟ, ಸೇನಾಧಿಕಾರಿಗಳನ್ನು ಆರಿಸುವ ಆಯ್ಕೆ ಮಂಡಳಿಯ ಸಂದರ್ಶನದ ತಯಾರಿ ಇವುಗಳಿಗೆ ಒತ್ತು ಹೆಚ್ಚು. ರಾಷ್ಟ್ರೀಯ ಏಕತಾ ಶಿಬಿರ ಮತ್ತು ‘ಏಕ್ ಭಾರತ್ ಶ್ರೇಷ್ಠ ಭಾರತ್’ ಶಿಬಿರಗಳು ಬೇರೆ ರಾಜ್ಯದ ಕೆಡೆಟ್‌ಗಳೊಡನೆ ಬದುಕಲು ಕಲಿಸುತ್ತವೆ. ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಮತ್ತು ವಾಯುಪಡೆಯ ನೆಲೆಗಳಿಗೆ ಕಳುಹಿಸುವ ತರಬೇತಿ, ಪ್ಯಾರಾಚೂಟ್ ಜಿಗಿತ ಕಲಿಸುವ ಆಗ್ರಾದ ಪ್ಯಾರಾ ಕೋರ್ಸ್, ಡಾರ್ಜಿಲಿಂಗ್ ಮತ್ತು ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಗಳ ಕೋರ್ಸ್‌ಗಳು ಬೆರಳೆಣಿಕೆಯವರಿಗೆ ಸಿಗುವಂಥವು. ದೇಹದಾರ್ಢ್ಯದ ಜೊತೆಗೆ ಮನೆಯವರ ಲಿಖಿತ ಒಪ್ಪಿಗೆಯೂ ಇವಕ್ಕೆ ಬೇಕು.

ಎಲ್ಲರ ಕಣ್ಣೂ ದೆಹಲಿಯ ಮೇಲಿರುವುದು ಸಹಜವೇ. ಆದರೂ ವಾಯುಪಡೆಯ ಹಾರಾಟ ಶಾಖೆಯನ್ನೇ ಗುರಿಯಾಗಿಟ್ಟುಕೊಂಡ ವಿದ್ಯಾರ್ಥಿಗೆ ವಾಯು ಸೈನಿಕ ಶಿಬಿರವೂ ವಾಯುನೆಲೆಯ ತರಬೇತಿಯೂ ಕೊಡುವಷ್ಟನ್ನು ಬೇರೆ ಯಾವುದೂ ಕೊಡಲಾರದು ಎಂದು ನನ್ನ ಅಭಿಪ್ರಾಯ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಅಂಜುವ ಹಳ್ಳಿಯ ವಿದ್ಯಾರ್ಥಿಗೆ ಏಕತಾ ಶಿಬಿರವೇ ಮೊದಲ ಮೆಟ್ಟಿಲಾಗಬೇಕು. ಅದನ್ನು ಕಡಿಮೆ ದರ್ಜೆಯದೆಂದು ತಿರಸ್ಕರಿಸುವುದು ಸರಿಯಲ್ಲ.

ಮೊದಲ ವರ್ಷದ ಶಿಸ್ತು

ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದರೆ ಪ್ರಮಾಣಪತ್ರದ ಪರೀಕ್ಷೆಗೇ ಅರ್ಹತೆ ತಪ್ಪುತ್ತದೆ, ಶಿಬಿರದ ಮಾತು ಆಮೇಲಿನದು. ಮಳವಳ್ಳಿ, ಕೆ.ಆರ್. ಪೇಟೆ, ಹುಣಸೂರಿನ ಕಡೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವವರು ಪರೇಡಿನ ಹಿಂದಿನ ದಿನ ನಗರದಲ್ಲೇ ಹಾಸ್ಟೆಲಿನ ಗೆಳೆಯರ ಬಳಿ ಉಳಿಯುವ ವ್ಯವಸ್ಥೆಯನ್ನು ವರ್ಷದ ಆರಂಭದಲ್ಲೇ ಮಾಡಿಕೊಳ್ಳುವುದು ಒಳಿತು. ಸಾಧ್ಯವಾಗದಿದ್ದರೆ ಕಾಲೇಜಿನ ಎನ್‌ಸಿಸಿ ಅಧಿಕಾರಿಗಳಿಗೆ ಬಸ್ಸಿನ ವೇಳೆಯನ್ನು ಮೊದಲೇ ತಿಳಿಸಿರಬೇಕು. ತಡವಾಗಿ ಬಂದ ಮೇಲೆ ಕೊಡುವ ಕಾರಣಕ್ಕೂ ಮುಂಚಿತವಾಗಿ ತಿಳಿಸಿದ ತೊಂದರೆಗೂ ಬಹಳ ವ್ಯತ್ಯಾಸವಿದೆ.

ಕವಾಯತಿನ ಆಜ್ಞೆಗಳೆಲ್ಲ ಹಿಂದಿಯಲ್ಲಿವೆ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ತೇಜ್ ಚಲ್, ಥಮ್ ಎಂಬವು ಕೆಲವೇ ವಾರಗಳಲ್ಲಿ ಕಿವಿಗೆ ಒಗ್ಗುತ್ತವೆ. ಕಷ್ಟವಾಗುವುದು ಶಿಬಿರದ ದೈನಂದಿನ ಮಾತುಕತೆ. ಕನ್ನಡ ಮಾಧ್ಯಮದಲ್ಲಿ ಓದಿದ ಕೆಡೆಟ್ ಚೆನ್ನಾಗಿ ಯೋಚಿಸಬಲ್ಲವನಾಗಿದ್ದರೂ ಹಿಂದಿ ಅಥವಾ ಇಂಗ್ಲಿಷಿನಲ್ಲಿ ತಡವರಿಸಿ, ತನಗೆ ಗೊತ್ತಿರುವುದನ್ನು ಹೇಳಲಾರದೆ ಹಿಂದೆ ಸರಿಯುವುದುಂಟು. ಇದಕ್ಕೆ ಪರಿಹಾರ ವ್ಯಾಕರಣ ಪುಸ್ತಕದಲ್ಲಿಲ್ಲ. ಒಂದು ವಿಷಯವನ್ನು ಮೊದಲು ಕನ್ನಡದಲ್ಲಿ ಮೂರು ನಿಮಿಷ ನಿಂತು ಮಾತನಾಡಿ, ಅದರ ಸರಣಿ ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಅನಂತರ ಹಿಂದಿಯಲ್ಲಿ ಮಾತನಾಡುವ ಅಭ್ಯಾಸವನ್ನು ವಾರಕ್ಕೆರಡು ಬಾರಿ ಇಟ್ಟುಕೊಂಡರೆ ಒಂದು ವರ್ಷದಲ್ಲಿ ನಾಲಿಗೆ ಹೊರಳುತ್ತದೆ.

ಶಿಬಿರದಲ್ಲಿ ಸುಸ್ತಾಗುವವರಲ್ಲಿ ಬಹುಪಾಲು ಜನ ಓಟದಿಂದಲ್ಲ, ಪಾದದ ಬೊಬ್ಬೆಯಿಂದ ಸುಸ್ತಾಗುತ್ತಾರೆ. ಬೂಟು ಕೈಗೆ ಬಂದ ದಿನದಿಂದಲೇ ದಪ್ಪ ಕಾಲುಚೀಲದೊಡನೆ ಹಾಕಿಕೊಂಡು ದಿನವೂ ಸ್ವಲ್ಪ ಹೊತ್ತು ನಡೆದು ಅದನ್ನು ಪಾದಕ್ಕೆ ಹೊಂದಿಸಿಕೊಳ್ಳಬೇಕು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಓಟಕ್ಕೂ, ಸಾವಿರಕ್ಕೂ ಹೆಚ್ಚಿರುವ ಚಾಮುಂಡಿ ಬೆಟ್ಟದ ಮೆಟ್ಟಿಲು ಕಾಲಿನ ಬಲಕ್ಕೂ ಒದಗುತ್ತವೆ. ಮಂಡ್ಯದ ಕಡೆಯವರಿಗೆ ನಾಲೆಯ ಏರಿಗಿಂತ ಒಳ್ಳೆಯ ಓಟದ ಹಾದಿ ಬೇಕಿಲ್ಲ. ಆಹಾರದ ಬಗ್ಗೆಯೂ ಒಂದು ಮಾತು ಹೇಳಬೇಕು. ಮುದ್ದೆ, ಅನ್ನ, ಸಾರಿಗೆ ಒಗ್ಗಿದ ಹೊಟ್ಟೆ ಉತ್ತರದ ಶಿಬಿರಗಳಲ್ಲಿ ಹಗಲಿರುಳು ಚಪಾತಿ, ಪೂರಿ, ಬೇಳೆ ಸಿಕ್ಕಾಗ ಮೊದಲ ವಾರವೇ ಮುಷ್ಕರ ಹೂಡುತ್ತದೆ. ಹೊರಡುವ ಒಂದು ತಿಂಗಳ ಮೊದಲಿನಿಂದಲೇ ರಾತ್ರಿಯ ಊಟಕ್ಕೆ ಚಪಾತಿ ರೂಢಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ.

ವಿಮಾನಶಾಸ್ತ್ರವನ್ನು ನಮ್ಮ ನೆಲದ ಮೇಲೆ ಕಲಿಯುವುದು

ವಾಯುದಳದ ವಿಶೇಷ ವಿಷಯಗಳಾದ ಹಾರಾಟದ ತತ್ತ್ವಗಳು, ನ್ಯಾವಿಗೇಷನ್ (ದಿಕ್ಕು, ದೂರ ಅಳೆದು ದಾರಿ ಹಿಡಿಯುವುದು), ಹವಾಮಾನಶಾಸ್ತ್ರ, ಎಂಜಿನ್, ಉಪಕರಣಗಳು, ಏರೋಮಾಡೆಲಿಂಗ್ ಇವನ್ನು ಕೈಪಿಡಿಯಿಂದ ಬಾಯಿಪಾಠ ಮಾಡಿದವರು ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆ; ಅತ್ಯುತ್ತಮ ಕೆಡೆಟ್ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ನಿಲ್ಲುತ್ತಾರೆ. ಏಕೆ, ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಾದರೆ ಪಾಠವನ್ನು ತನಗೆ ಗೊತ್ತಿರುವ ಸ್ಥಳಕ್ಕೆ ಅನ್ವಯಿಸಿ ಲೆಕ್ಕ ಹಾಕಬೇಕು. ಎರಡು ಉದಾಹರಣೆಗಳನ್ನು ಇಲ್ಲಿ ವಿವರವಾಗಿ ಕೊಡುತ್ತೇನೆ.

ಮೊದಲನೆಯದು ಗಾಳಿಯ ಸಾಂದ್ರತೆಗೆ ಸಂಬಂಧಿಸಿದ್ದು. ಮಂಡಕಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಲೆಕ್ಕಕ್ಕಾಗಿ ಒಪ್ಪಿಕೊಂಡಿರುವ ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್, ಒತ್ತಡ 1013.25 ಹೆಕ್ಟೊಪಾಸ್ಕಲ್, ಪ್ರತಿ ಸಾವಿರ ಅಡಿಗೆ ಉಷ್ಣತೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಅಂದರೆ 2,400 ಅಡಿಯಲ್ಲಿ ಪ್ರಮಾಣಿತ ಉಷ್ಣತೆ ಸುಮಾರು 10 ಡಿಗ್ರಿ ಇರಬೇಕು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಲ್ಲಿ 34 ಡಿಗ್ರಿ ಇದ್ದರೆ, ಪ್ರಮಾಣಿತ ಮಟ್ಟಕ್ಕಿಂತ 24 ಡಿಗ್ರಿ ಹೆಚ್ಚಾಯಿತು. ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ ಕೂಡಿಸುವುದು ವಿಮಾನ ಚಾಲಕರ ಬಳಕೆಯ ಲೆಕ್ಕ. ಅದರಂತೆ 2,880 ಅಡಿ ಸೇರಿ, ಒತ್ತಡ ಪ್ರಮಾಣಿತವಾಗಿದ್ದ ಪಕ್ಷದಲ್ಲಿ, ವಿಮಾನದ ರೆಕ್ಕೆಗೂ ಎಂಜಿನ್ನಿಗೂ ಆ ಗಾಳಿ ಸುಮಾರು 5,300 ಅಡಿ ಎತ್ತರದ ಗಾಳಿಯಷ್ಟೇ ತೆಳುವಾಗಿರುತ್ತದೆ. ರೆಕ್ಕೆ ಎತ್ತುವ ಬಲ ಗಾಳಿಯ ಸಾಂದ್ರತೆಯನ್ನು ಅವಲಂಬಿಸಿರುವುದರಿಂದ ಮೇಲೇರಲು ವಿಮಾನ ನೆಲದ ಮೇಲೆ ಹೆಚ್ಚು ದೂರ ಓಡಬೇಕು, ಏರುವ ವೇಗವೂ ತಗ್ಗುತ್ತದೆ. ಸಣ್ಣ ತರಬೇತಿ ವಿಮಾನಗಳು ಬೆಳಗಿನ ಹೊತ್ತು ಹಾರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಬಿಸಿಲೇರಿದ ಮೇಲೆ ನೆಲದಿಂದೇಳುವ ಗಾಳಿಯ ಕುಲುಕಾಟ ಇನ್ನೊಂದು. ಈ ಲೆಕ್ಕವನ್ನು ಪ್ರತಿ ತಿಂಗಳ ಉಷ್ಣತೆಗೆ ತಾನೇ ಮಾಡಿ ಬರೆದಿಟ್ಟ ಕೆಡೆಟ್‌ಗೆ ಹವಾಮಾನ, ಹಾರಾಟದ ತತ್ತ್ವ, ಎಂಜಿನ್ ಎಂಬ ಮೂರು ಪಾಠಗಳು ಒಟ್ಟಿಗೆ ಅರ್ಥವಾಗುತ್ತವೆ.

ಎರಡನೆಯದು ನ್ಯಾವಿಗೇಷನ್. ಮೈಸೂರು ನಗರದಿಂದ ಮಂಡ್ಯಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಈಶಾನ್ಯ ದಿಕ್ಕಿಗೆ ಹೋಗುತ್ತದೆ. ದೂರ ಸುಮಾರು 37 ಕಿಲೋಮೀಟರ್, ಅಂದರೆ ಸುಮಾರು 20 ನಾಟಿಕಲ್ ಮೈಲಿ. ಗಂಟೆಗೆ 60 ನಾಟಿಕಲ್ ಮೈಲಿ ನೆಲವೇಗದಲ್ಲಿ ಹೋಗುವ ವಿಮಾನಕ್ಕೆ ಇದು 20 ನಿಮಿಷಗಳ ದಾರಿ. ಎಡಗಡೆಗೆ ದೂರದಲ್ಲಿ ಕೃಷ್ಣರಾಜಸಾಗರದ ನೀರು, ಅದಕ್ಕಿಂತ ಈಚೆಗೆ ಕಾವೇರಿ ಇಬ್ಭಾಗವಾಗಿ ಬಳಸಿರುವ ಶ್ರೀರಂಗಪಟ್ಟಣದ ದ್ವೀಪ, ಮುಂದೆ ದಾಟಬೇಕಾದ ಕಾವೇರಿ, ಎಡದಿಂದ ಬಂದು ಮಂಡ್ಯದಲ್ಲಿ ಕೂಡಿಕೊಳ್ಳುವ ರೈಲು ಹಳಿ, ಕೊನೆಯಲ್ಲಿ 1933ರಲ್ಲಿ ಆರಂಭವಾದ ಮೈಷುಗರ್ ಸಕ್ಕರೆ ಕಾರ್ಖಾನೆಯ ಆವರಣ ಇವನ್ನು ಗುರುತುಗಳಾಗಿ ಬರೆದುಕೊಳ್ಳಬಹುದು. ಈಗ 10 ನಾಟಿಕಲ್ ಮೈಲಿ ಸಾಗಿದ ಮೇಲೆ ಗೆರೆಗಿಂತ ಒಂದು ಮೈಲಿ ಎಡಕ್ಕೆ ಸರಿದಿದ್ದೇವೆಂದು ಗೊತ್ತಾಯಿತೆನ್ನಿ. ಅರವತ್ತು ಮೈಲಿಗೆ ಒಂದು ಮೈಲಿ ತಪ್ಪಿದರೆ ಒಂದು ಡಿಗ್ರಿ ತಪ್ಪಿದಂತೆ ಎಂಬ ಸೂತ್ರದ ಪ್ರಕಾರ ನಮ್ಮ ದಿಕ್ಕು 6 ಡಿಗ್ರಿ ತಪ್ಪಿದೆ. ಬಲಕ್ಕೆ 6 ಡಿಗ್ರಿ ತಿರುಗಿದರೆ ಗೆರೆಗೆ ಸಮಾನಾಂತರವಾಗಿ ಹೋಗುತ್ತೇವೆಯೇ ಹೊರತು ಮಂಡ್ಯ ತಲುಪುವುದಿಲ್ಲ. ಉಳಿದ 10 ಮೈಲಿಯಲ್ಲಿ ಆ ಒಂದು ಮೈಲಿಯನ್ನು ತುಂಬಿಕೊಳ್ಳಲು ಇನ್ನೂ 6 ಡಿಗ್ರಿ, ಒಟ್ಟು 12 ಡಿಗ್ರಿ ತಿರುಗಬೇಕು. ಇಂಥ ಲೆಕ್ಕವನ್ನು ಮೈಸೂರಿನಿಂದ ನಂಜನಗೂಡಿಗೆ, ಮಂಡ್ಯದಿಂದ ನಾಗಮಂಗಲಕ್ಕೆ ಹಾಕಿ ಅಭ್ಯಾಸ ಮಾಡಿದವರು ಶಿಬಿರದ ಅಪರಿಚಿತ ನಕ್ಷೆಯ ಮುಂದೆ ಗಾಬರಿಯಾಗುವುದಿಲ್ಲ.

ಏರೋಮಾಡೆಲಿಂಗ್ ತಂಡಕ್ಕೆ ಬೇಕಾದದ್ದು ತಾಳ್ಮೆ ಮತ್ತು ಹದವಾದ ಕೈ. ದುಬಾರಿ ರೇಡಿಯೋ ನಿಯಂತ್ರಿತ ಮಾದರಿಯಿಂದ ಆರಂಭಿಸದೆ, ಬಾಲ್ಸಾ ಮರದ ಹಾಳೆಯಿಂದ ಕೈಯಲ್ಲಿ ಎಸೆಯುವ ಗ್ಲೈಡರ್ ಮಾಡಿ ಅದನ್ನು ನೇರವಾಗಿ ಹಾರಿಸಲು ಕಲಿಯುವುದು ಸರಿಯಾದ ಆರಂಭ. ರೆಕ್ಕೆಯ ಅಗಲ 10 ಸೆಂಟಿಮೀಟರ್ ಇದ್ದರೆ ಮುಂದಿನ ಅಂಚಿನಿಂದ ಸುಮಾರು 3 ಸೆಂಟಿಮೀಟರ್ ಹಿಂದೆ ಬೆರಳಿಟ್ಟು ಎತ್ತಿದಾಗ ಮಾದರಿ ಸಮತೋಲದಲ್ಲಿ ನಿಲ್ಲಬೇಕು. ಎಸೆದಾಗ ಮೂತಿ ಎತ್ತಿ, ವೇಗ ಕಳೆದುಕೊಂಡು, ಮತ್ತೆ ಬಾಗಿ ತೂಗಾಡುತ್ತ ಹೋದರೆ ಮೂತಿಗೆ ಸ್ವಲ್ಪ ಜೇಡಿ ಅಂಟಿಸಬೇಕು. ನೇರವಾಗಿ ನೆಲಕ್ಕೆ ಧುಮುಕಿದರೆ ಅದನ್ನು ತೆಗೆಯಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಅದನ್ನು ಪುಸ್ತಕದಲ್ಲಿ ಬರೆದಿಡುವುದು ಮುಖ್ಯ. ಆಷಾಢದ ಗಾಳಿಯಲ್ಲಿ ಈ ಪರೀಕ್ಷೆ ವ್ಯರ್ಥ. ಗಾಳಿ ಏಳುವ ಮೊದಲಿನ ಮುಂಜಾನೆಯನ್ನು, ಇಲ್ಲವೇ ಮಳೆಗಾಲ ಮುಗಿದ ಮೇಲಿನ ದಿನಗಳನ್ನು ಆರಿಸಿಕೊಳ್ಳಬೇಕು.

ನಾಯಕತ್ವದ ಅಭ್ಯಾಸ

ನಾಯಕತ್ವ ಶಿಬಿರದಲ್ಲಿ ಹೊಸದಾಗಿ ನಾಯಕತ್ವವನ್ನು ತುಂಬುವುದಿಲ್ಲ. ಕೆಡೆಟ್ ಈಗಾಗಲೇ ರೂಢಿಸಿಕೊಂಡಿರುವ ನಡವಳಿಕೆಯನ್ನು ಒತ್ತಡದ ಸನ್ನಿವೇಶದಲ್ಲಿಟ್ಟು ನೋಡುತ್ತಾರೆ, ತಿದ್ದುತ್ತಾರೆ. ಆದ್ದರಿಂದ ಅಭ್ಯಾಸ ಕಾಲೇಜಿನ ಮೈದಾನದಲ್ಲಿಯೇ ಆಗಬೇಕು. ಅದಕ್ಕೆ ಘಟಕದಲ್ಲಿ ಹುದ್ದೆ ಸಿಗುವವರೆಗೆ ಕಾಯಬೇಕಾಗಿಲ್ಲ. ಮೂವತ್ತು ಕೆಡೆಟ್‌ಗಳು ಒಂದು ಭಾನುವಾರ ಕೆರೆಯ ದಂಡೆಯನ್ನು ಸ್ವಚ್ಛಗೊಳಿಸಬೇಕಾಗಿದೆ ಎನ್ನೋಣ. ಆ ಕೆಲಸವನ್ನು ಕೇಳಿ ಪಡೆದ ಕೆಡೆಟ್, ಸೇನೆಯಲ್ಲಿ ಆದೇಶ ನೀಡುವಾಗ ಅನುಸರಿಸುವ ಐದು ತಲೆಬರಹಗಳಾದ ಮಾಹಿತಿ, ಉದ್ದೇಶ, ವಿಧಾನ, ಆಡಳಿತ, ಸಂಪರ್ಕ ಇವುಗಳ ಅಡಿಯಲ್ಲಿ ಒಂದು ಪುಟ ಬರೆಯಲಿ. ಕೆರೆಯ ಯಾವ ಭಾಗ, ಅಲ್ಲಿ ಈಗ ಏನಿದೆ. ಎಷ್ಟು ಹೊತ್ತಿಗೆ ಏನು ಮುಗಿದಿರಬೇಕು. ಯಾವ ಗುಂಪು ಎಲ್ಲಿಂದ ಆರಂಭಿಸಬೇಕು. ಕೈಗವಸು, ಚೀಲ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಹೊಣೆ. ಮಳೆ ಬಂದರೆ ಅಥವಾ ಯಾರಿಗಾದರೂ ಗಾಯವಾದರೆ ಯಾರಿಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿರಬೇಕು. ಅದನ್ನು ಕಾಗದ ನೋಡದೆ ಐದು ನಿಮಿಷದಲ್ಲಿ ಎಲ್ಲರಿಗೂ ಹೇಳಿ, ಕೊನೆಯ ಸಾಲಿನಲ್ಲಿ ನಿಂತ ಇಬ್ಬರನ್ನು ಕರೆದು ಅವರ ಕೆಲಸವೇನೆಂದು ಅವರಿಂದಲೇ ಹೇಳಿಸಬೇಕು. ಆ ಇಬ್ಬರು ತಡವರಿಸಿದರೆ ದೋಷ ಹೇಳಿದವರಲ್ಲಿದೆ ಎಂದು ತಿಳಿದು ಮತ್ತೆ ಹೇಳಬೇಕು.

ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿಯೇ ಇದೆ. ಡೆಹ್ರಾಡೂನ್, ಗಾಂಧಿನಗರ, ವಾರಾಣಸಿ ಮೊದಲಾದೆಡೆ ಉಳಿದವು ಇವೆ. ದೇಶದ ಮೂಲೆಮೂಲೆಯಿಂದ ಅಭ್ಯರ್ಥಿಗಳು ಇಲ್ಲಿಗೆ ಬಂದು ಪರೀಕ್ಷೆ ಎದುರಿಸುತ್ತಿರುವಾಗ ಈ ಊರಿನ ಕೆಡೆಟ್‌ಗಳಿಗೆ ಅದರ ಕ್ರಮ ತಿಳಿಯದಿರುವುದು ವಿಷಾದದ ಸಂಗತಿ. ಮೊದಲ ಹಂತದಲ್ಲಿ ಬುದ್ಧಿಮತ್ತೆಯ ಪರೀಕ್ಷೆ ಮತ್ತು ಚಿತ್ರವೊಂದನ್ನು ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಪರೀಕ್ಷೆ ಇರುತ್ತದೆ. ಅದನ್ನು ದಾಟಿದವರಿಗೆ ಮನೋವೈಜ್ಞಾನಿಕ ಪರೀಕ್ಷೆಗಳು, ಗುಂಪು ಚರ್ಚೆ, ಗುಂಪು ಯೋಜನೆ, ಹಲಗೆ, ಮರದ ಕಂಬ, ಹಗ್ಗಗಳ ಸಹಾಯದಿಂದ ಅಡೆತಡೆ ದಾಟುವ ಗುಂಪು ಕಾರ್ಯ, ಒಬ್ಬೊಬ್ಬರಾಗಿ ದಾಟುವ ಅಡೆತಡೆಗಳು, ತಾನೇ ಸಹಾಯಕರನ್ನು ಆರಿಸಿಕೊಂಡು ನಡೆಸುವ ಕಮಾಂಡ್ ಟಾಸ್ಕ್, ಕಿರು ಭಾಷಣ, ಸಂದರ್ಶನ ಇವೆಲ್ಲ ನಡೆಯುತ್ತವೆ. ಉನ್ನತ ನಾಯಕತ್ವ ಶಿಬಿರದ ಚಟುವಟಿಕೆಗಳೂ ಬಹುಮಟ್ಟಿಗೆ ಇದೇ ಜಾಡಿನವು.

ಗುಂಪು ಕಾರ್ಯದಲ್ಲಿ ಜೋರಾಗಿ ಕೂಗುವವನೇ ನಾಯಕನೆಂಬ ತಪ್ಪು ಕಲ್ಪನೆ ನಮ್ಮ ಕಾಲೇಜುಗಳಲ್ಲಿ ಬಲವಾಗಿ ಬೇರೂರಿದೆ. ಹಲಗೆಯನ್ನು ಎಲ್ಲಿಡಬೇಕೆಂದು ಗುಂಪು ಗೊಂದಲದಲ್ಲಿದ್ದಾಗ ಒಂದು ಸ್ಪಷ್ಟ ಸಲಹೆ ಕೊಡುವುದು, ಬೇರೆಯವರ ಸಲಹೆ ತನ್ನದಕ್ಕಿಂತ ಉತ್ತಮವಾಗಿದ್ದರೆ ಅದನ್ನು ಕೂಡಲೇ ಒಪ್ಪಿ ಕೈಜೋಡಿಸುವುದು, ಎತ್ತರಕ್ಕೆ ಹೆದರಿ ನಿಂತವನಿಗೆ ಭುಜ ಕೊಟ್ಟು ದಾಟಿಸುವುದು, ಎಲ್ಲರೂ ದಾಟಿದ ಮೇಲೆ ಸಾಮಗ್ರಿ ಹಿಂದೆ ಉಳಿಯಿತೇ ಎಂದು ನೋಡುವುದು, ಪರೀಕ್ಷಕರ ಕಣ್ಣಿಗೆ ಬೀಳುವ ಗುಣಗಳು ಇವು. ಕಾಲೇಜಿನಲ್ಲಿ ಎರಡು ಬಿದಿರುಗಳು, ಒಂದು ಹಲಗೆ, ಒಂದು ಹಗ್ಗ ಇದ್ದರೆ ಸಾಕು. ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು, ನಡುವಿನ ಜಾಗವನ್ನು ಮುಟ್ಟಬಾರದೆಂಬ ನಿಯಮ ಮಾಡಿ, ಎಂಟು ಜನರ ಗುಂಪು ಇಪ್ಪತ್ತು ನಿಮಿಷದಲ್ಲಿ ದಾಟುವ ಅಭ್ಯಾಸ ನಡೆಸಬಹುದು. ಗುಂಪಿನ ಹೊರಗೆ ಒಬ್ಬರು ಕುಳಿತು ಯಾರು ಯಾವಾಗ ಏನು ಹೇಳಿದರು ಎಂಬುದನ್ನು ಬರೆದುಕೊಂಡು ಆಮೇಲೆ ಓದಿ ಹೇಳಿದರೆ, ತನ್ನ ಬಗ್ಗೆ ತನಗಿದ್ದ ಅಭಿಪ್ರಾಯಕ್ಕೂ ನಿಜವಾದ ನಡೆಗೂ ಇರುವ ಅಂತರ ಪ್ರತಿಯೊಬ್ಬರಿಗೂ ಗೊತ್ತಾಗುತ್ತದೆ. ಬಲವಾದ ಕಂಬಗಳಿಲ್ಲದ ಕಡೆ ಎತ್ತರದ ಅಡೆತಡೆಗಳನ್ನು ಕಟ್ಟಿ, ಬೋಧಕರಿಲ್ಲದೆ ಸಾಹಸ ಮಾಡುವುದನ್ನು ಮಾತ್ರ ಖಡಾಖಂಡಿತವಾಗಿ ಬಿಡಬೇಕು.

ಕಿರು ಭಾಷಣಕ್ಕೆ ಅಂತರಜಾಲದಲ್ಲಿ ಸಿಗುವ ಸಿದ್ಧ ವಿಷಯಗಳನ್ನು ಉರುಹೊಡೆಯುವ ಬದಲು ನಮ್ಮ ಸುತ್ತಲಿನ ವಿಷಯಗಳನ್ನು ಆಳವಾಗಿ ತಿಳಿದುಕೊಳ್ಳುವುದು ಲೇಸು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತ ಬಹಳ ವೇಗದ ಎಫ್-104 ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಉರುಳಿಸಿದ್ದು, ಆ ಸಂಗತಿ ಬಹುಕಾಲ ತಿಳಿಯದೆ ಉಳಿದು 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದದ್ದು ಮೂರು ನಿಮಿಷಕ್ಕೆ ತಕ್ಕ ವಿಷಯ. 1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರ ಆಹಾರಕ್ಕಾಗಿ ಮಾಡುತ್ತಿರುವ ಕೆಲಸ ಇನ್ನೊಂದು. ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾದ ಕಥೆ ಮತ್ತೊಂದು. ಗೊತ್ತಿರುವ ನೆಲದ ಮೇಲೆ ನಿಂತು ಮಾತನಾಡುವವರ ದನಿಯಲ್ಲಿ ತಾನಾಗಿ ಒಂದು ಸ್ಥಿರತೆ ಬರುತ್ತದೆ.

ಮನೆಯವರ ಒಪ್ಪಿಗೆ

ಆಯ್ಕೆಯಾದ ಮೇಲೆ ಮನೆಯಲ್ಲಿ ಬೇಡವೆಂದದ್ದರಿಂದ ಹೆಸರು ಹಿಂತೆಗೆದುಕೊಳ್ಳುವ ಕೆಡೆಟ್‌ಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆಗ ಆ ಸ್ಥಾನ ಬೇರೆಯವರಿಗೂ ಸಿಗದೆ ಹೋಗುವ ಸಾಧ್ಯತೆ ಇರುತ್ತದೆ. ತಂದೆತಾಯಿಯ ಆತಂಕ ಅರ್ಥವಾಗುವಂಥದ್ದೇ. ಅದನ್ನು ಹಟದಿಂದ ಎದುರಿಸುವ ಬದಲು ವರ್ಷದ ಆರಂಭದಲ್ಲೇ ಒಮ್ಮೆ ಅಪ್ಪ ಅಮ್ಮನನ್ನು ಪರೇಡಿಗೆ ಕರೆತಂದು, ಕಾಲೇಜಿನ ಎನ್‌ಸಿಸಿ ಅಧಿಕಾರಿಗಳೊಡನೆ ಮಾತನಾಡಿಸುವುದು ಒಳ್ಳೆಯ ಮಾರ್ಗ. ಹುಡುಗಿಯರ ತಂಡದೊಡನೆ ಮಹಿಳಾ ಅಧಿಕಾರಿ ಅಥವಾ ಮಹಿಳಾ ಬೋಧಕರು ಹೋಗುತ್ತಾರೆ, ವಸತಿ ಪ್ರತ್ಯೇಕವಾಗಿರುತ್ತದೆ ಎಂಬುದನ್ನು ಮಗಳ ಬಾಯಿಂದ ಕೇಳುವುದಕ್ಕಿಂತ ಅಧಿಕಾರಿಗಳ ಬಾಯಿಂದ ಕೇಳಿದಾಗ ಮನೆಯವರಿಗೆ ಧೈರ್ಯ ಬರುತ್ತದೆ. ಕಳೆದ ವರ್ಷ ಹೋಗಿಬಂದ ಹಿರಿಯ ಕೆಡೆಟ್ಟನ್ನು, ಆಕೆಯ ತಾಯಿಯೊಡನೆ, ಮನೆಗೆ ಕರೆದುಕೊಂಡು ಬಂದರೆ ಇನ್ನೂ ಒಳಿತು. 2016ರಲ್ಲಿ ವಾಯುಪಡೆಯ ಯುದ್ಧವಿಮಾನ ವಿಭಾಗಕ್ಕೆ ಮೂವರು ಮಹಿಳೆಯರು ಮೊದಲ ಬಾರಿಗೆ ಸೇರ್ಪಡೆಯಾದ ಮೇಲೆ ಈ ಹಾದಿ ನಮ್ಮ ಹುಡುಗಿಯರಿಗೆ ಬರಿಯ ಪ್ರಮಾಣಪತ್ರದ ಹಾದಿಯಾಗಿ ಉಳಿದಿಲ್ಲ.

ಪ್ರಮಾಣಪತ್ರದಿಂದ ಮುಂದಕ್ಕೆ

ವಾಯುದಳದ ‘ಸಿ’ ಪ್ರಮಾಣಪತ್ರ ಪಡೆದ ಪದವೀಧರರಿಗೆ ವಾಯುಪಡೆಯ ಹಾರಾಟ ಶಾಖೆಯಲ್ಲಿ ಎನ್‌ಸಿಸಿ ವಿಶೇಷ ಪ್ರವೇಶದ ಅವಕಾಶವಿದೆ. ಅವರು ಲಿಖಿತ ಪ್ರವೇಶ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಮುಂದೆ ಹೋಗಬಹುದು. ಇದಕ್ಕೆ ವಯಸ್ಸು 20ರಿಂದ 24ರ ಒಳಗಿರಬೇಕು, ಪದವಿಯಲ್ಲಿ ಶೇ 60 ಅಂಕ ಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ಓದಿರಬೇಕು. ಈ ಕೊನೆಯ ನಿಯಮ ತಿಳಿಯದೆ ಪಿಯುಸಿಯಲ್ಲಿ ವಾಣಿಜ್ಯ ಅಥವಾ ಕಲಾ ವಿಭಾಗ ಓದಿದವರು ಮೂರು ವರ್ಷ ಹಾರಾಟದ ಕನಸು ಕಂಡು ಕಡೆಗೆ ನಿರಾಶರಾಗುತ್ತಾರೆ. ಪ್ರೌಢಶಾಲೆಯ ಜೂನಿಯರ್ ಡಿವಿಷನ್ ಕೆಡೆಟ್‌ಗಳಿಗೆ ಶಿಕ್ಷಕರು ಇದನ್ನು ಹತ್ತನೆಯ ತರಗತಿಯಲ್ಲೇ ಹೇಳಿಬಿಡಬೇಕು. ಹಾರಾಟ ಶಾಖೆಗೆ ಸಾಮಾನ್ಯವಾಗಿ 162.5 ಸೆಂಟಿಮೀಟರ್ ಎತ್ತರ, ಕಾಲಿನ ಮತ್ತು ತೊಡೆಯ ಅಳತೆಗಳ ಮಿತಿ, ದೋಷವಿಲ್ಲದ ವರ್ಣದೃಷ್ಟಿ ಅಗತ್ಯ. ಬಣ್ಣ ಗುರುತಿಸುವ ದೋಷ ಹುಟ್ಟಿನಿಂದಲೇ ಬಂದಿದ್ದರೂ ಎಷ್ಟೋ ಜನರಿಗೆ ಅದು ತಮಗಿದೆಯೆಂದೇ ಗೊತ್ತಿರುವುದಿಲ್ಲವಾದ್ದರಿಂದ, ಮೊದಲ ವರ್ಷದಲ್ಲೇ ಕಣ್ಣಿನ ವೈದ್ಯರ ಬಳಿ ಪರೀಕ್ಷಿಸಿಕೊಳ್ಳುವುದು ಜಾಣತನ. ಹಾರಾಟದ ಶಾಖೆಗೆ ನಡೆಸುವ ಗಣಕೀಕೃತ ಪೈಲಟ್ ಆಯ್ಕೆ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಅದರಲ್ಲಿ ಅನುತ್ತೀರ್ಣರಾದವರಿಗೆ ನೆಲದ ಕರ್ತವ್ಯದ ಶಾಖೆಗಳ ಬಾಗಿಲು ತೆರೆದೇ ಇರುತ್ತದೆಯಾದರೂ ಹಾರಾಟದ್ದು ಮುಚ್ಚುತ್ತದೆ. ಹಾಗಾಗಿ ನೋಡಿ ಬರೋಣ ಎಂಬ ಮನೋಭಾವದಿಂದ ಮೊದಲ ಕರೆಗೇ ಹೋಗಬಾರದು.

ದಾಖಲೆಗಳ ವಿಷಯದಲ್ಲಿ ನಮ್ಮ ಕಡೆಯ ಕೆಡೆಟ್‌ಗಳಿಗೆ ವಿಶೇಷವಾದ ತೊಡಕೊಂದಿದೆ. ತಂದೆಯ ಹೆಸರು ಮತ್ತು ಊರಿನ ಹೆಸರುಗಳನ್ನು ಇನಿಷಿಯಲ್ ಆಗಿ ಬರೆಯುವ ರೂಢಿಯಿಂದಾಗಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇರುವ ಅಕ್ಷರ ಆಧಾರ್ ಕಾರ್ಡಿನಲ್ಲಿ ಹೆಸರಿನ ಮುಂದೆ ಇರುತ್ತದೆ, ಬ್ಯಾಂಕ್ ಪುಸ್ತಕದಲ್ಲಿ ಪೂರ್ತಿ ಬಿಡಿಸಿ ಬರೆದಿರುತ್ತದೆ. ಎನ್‌ಸಿಸಿಗೆ ನೋಂದಾಯಿಸುವ ದಿನ ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ, ಅಕ್ಷರದ ನಡುವಿನ ಚುಕ್ಕಿಯನ್ನೂ ಬಿಡದೆ ಹೆಸರು ಬರೆಯಬೇಕು. ಶಿಬಿರದ ಹಾಜರಾತಿ ಪಟ್ಟಿಯಲ್ಲಿ ಅದೇ ರೀತಿ ಬಂದಿದೆಯೇ ಎಂದು ಶಿಬಿರ ಮುಗಿಯುವ ಮೊದಲೇ ನೋಡಿಕೊಳ್ಳಬೇಕು. ಪ್ರತಿ ಶಿಬಿರದ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ ಮತ್ತು ಪೋಷಕರ ಒಪ್ಪಿಗೆ ಪತ್ರಗಳ ಎರಡೆರಡು ನಕಲು ತೆಗೆದು, ಒಂದನ್ನು ಕಾಲೇಜಿನ ಎನ್‌ಸಿಸಿ ಕೊಠಡಿಯಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇಟ್ಟಿರಬೇಕು. ಕಾಲೇಜಿನ ಎನ್‌ಸಿಸಿ ಅಧಿಕಾರಿಗಳು ವರ್ಗವಾಗಿ ಹೋದರೂ, ಘಟಕದ ಸಿಬ್ಬಂದಿ ಬದಲಾದರೂ, ಮೂರನೆಯ ವರ್ಷದ ಕೊನೆಯಲ್ಲಿ ಅರ್ಹತೆಯ ಪಟ್ಟಿ ಸಿದ್ಧವಾಗುವಾಗ ಈ ನಕಲುಗಳು ಕೈಗೆ ಸಿಗುವಂತಿರಬೇಕು.